ತೀರ್ಪು ಹುಡುಕುವ ಆ್ಯಪ್: ಹುಡುಕಾಟ ಚೆನ್ನಾಗಿದೆ, ಕೋರ್ಟ್ ತಡೆದ ಹೆಸರಿನ ವಿಷಯದಲ್ಲಿ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಹೋಗಿ ಅದೇ ಪುಟ ಹುಡುಕುತ್ತಾರೆ, ಹೊರಗೆ ಬರಬಾರದ ಹೆಸರು ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ವಕೀಲರ ಕಚೇರಿಗಳಲ್ಲಿ ಹಳೆಯ ತೀರ್ಪು ಹುಡುಕಲು ಬಳಸುವ ಆ್ಯಪ್ ಇದು. ನಮ್ಮ ಕಚೇರಿಯಲ್ಲೂ ದಿನಾ ಬಳಸುತ್ತೇವೆ.

ಹುಡುಕಾಟದ ಬಗ್ಗೆ ದೂರಿಲ್ಲ. ಬೇಗ ಸಿಗುತ್ತದೆ, ಪಿಡಿಎಫ್ ಸರಿಯಾಗಿ ಬರುತ್ತದೆ.

ನಮ್ಮ ಕಕ್ಷಿದಾರರೊಬ್ಬರು ಒಂದು ಕೇಸಿನಲ್ಲಿ ಸಾಕ್ಷಿ. ಅವರ ಜೀವಕ್ಕೆ ಅಪಾಯ ಇದೆ ಎಂದು ಒಪ್ಪಿಕೊಂಡು, ಹೆಸರು ಎಲ್ಲೂ ಪ್ರಕಟವಾಗಬಾರದು ಎಂದು ಕೋರ್ಟ್ ಆದೇಶ ಕೊಟ್ಟಿತ್ತು. ಆ್ಯಪ್‌ನವರು ತೀರ್ಪಿನ ಒಳಗೆ ಹೆಸರಿನ ಬದಲು ಒಂದು ಅಕ್ಷರ ಹಾಕಿದ್ದರು, ಸರಿ. ಆದರೆ ಪುಟದ ಕೆಳಗೆ 'ಸಂಬಂಧಪಟ್ಟ ಪ್ರಕರಣಗಳು' ಅಂತ ಒಂದು ಪಟ್ಟಿ ಬರುತ್ತದೆ ನೋಡಿ, ಅಲ್ಲಿ ತಡೆ ಬರುವ ಮೊದಲು ಹಾಕಿದ್ದ ಜಾಮೀನು ಆದೇಶ ಇತ್ತು, ಅದರಲ್ಲಿ ಪೂರ್ತಿ ಹೆಸರು, ಕೆಲಸ ಮಾಡುವ ಜಾಗ ಎಲ್ಲ ಹಾಗೇ ಇತ್ತು. ಎರಡೂ ಪುಟ ಪಕ್ಕ ಪಕ್ಕ ಇಟ್ಟು ಓದಿದರೆ ಮುಗೀತು. ಹುಡುಕುವ ಜಾಗದಲ್ಲಿ ಅರ್ಧ ಹೆಸರು ಹೊಡೆದರೆ ಉಳಿದರ್ಧವನ್ನು ಆ್ಯಪ್ ತಾನೇ ತುಂಬಿ ಕೊಡುತ್ತಿತ್ತು.

ಇಂಥದ್ದು ಹೊಸದೇನಲ್ಲ. 2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ಕೊಲೆ ಆರೋಪಿಯೊಬ್ಬನ ಹೆಸರು ಪ್ರಕಟಿಸಬಾರದು ಎಂದು ತಡೆ ಇದ್ದಾಗ, ಜನ ಏನು ಹುಡುಕುತ್ತಿದ್ದಾರೆ ಎಂದು ತಿಳಿಸುವ ಗೂಗಲ್ ಟ್ರೆಂಡ್ಸ್ ಇಮೇಲ್‌ನಲ್ಲೇ ಆ ಹೆಸರು ಹೋಯಿತು. 2019ರಲ್ಲಿ ಗೂಗಲ್ ಆ ದೇಶಕ್ಕೆ ಆ ಇಮೇಲ್ ಕಳಿಸುವುದನ್ನೇ ನಿಲ್ಲಿಸಿತು. ಸಾಕ್ಷಿಯ ಹೆಸರು ಹುಡುಕಿಕೊಂಡು ಬರುವವನಿಗೆ ಅದು ಮನುಷ್ಯನ ಕೈಯಿಂದ ಸಿಕ್ಕರೇನು, ಯಂತ್ರದಿಂದ ಸಿಕ್ಕರೇನು?

ದೂರು ಕೊಡಲು ಹೋದರೆ ಇನ್ನೊಂದು ಕಷ್ಟ. ಆದೇಶದ ಪ್ರತಿ ಕೇಳಿದರು, ಅದು ನ್ಯಾಯವೇ. ಆದರೆ ಸಾಕ್ಷಿಯೇ ತಮ್ಮ ಗುರುತಿನ ಚೀಟಿ, ಫೋನ್ ನಂಬರ್ ಹಾಕಿ ಫಾರಂ ತುಂಬಬೇಕಂತೆ. ಅಡಗಿ ಬದುಕುತ್ತಿರುವ ಮನುಷ್ಯ ಅದನ್ನೆಲ್ಲ ಗುರುತು ಪರಿಚಯ ಇಲ್ಲದ ಕಂಪನಿಗೆ ಯಾಕೆ ಕೊಡಬೇಕು? ವಕೀಲರ ಪತ್ರ ಸಾಕಾಗಬೇಕಿತ್ತು. ಕೊನೆಗೆ ಹೆಸರು ತೆಗೆದರು, ಖುಷಿಯಾಯಿತು, ಆದರೆ ಪುಟದ ಲಿಂಕ್ ನೋಡಿದರೆ ಅದರಲ್ಲಿ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೇ ಕೂತಿತ್ತು! ಮತ್ತೆ ಬರೆದೆವು, ಮತ್ತೆ ಕಾದೆವು.

ಎಲ್ಲರ ಹೆಸರನ್ನೂ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಕೋರ್ಟು ತೆರೆದ ಬಾಗಿಲಲ್ಲೇ ನಡೆಯಬೇಕು. ನ್ಯೂಜಿಲೆಂಡ್‌ನ 2011ರ ಕಾನೂನು ಕೂಡ, ಯಾರದಾದರೂ ಸುರಕ್ಷತೆಗೆ ಅಪಾಯ ಬರುವಂತಿದ್ದರೆ ಆರೋಪಿಯ ಹೆಸರು ತಡೆಯಬಹುದು ಅನ್ನುತ್ತದೆ, ಆದರೆ ಆರೋಪಿ ಹೆಸರುವಾಸಿ ಅನ್ನುವುದಷ್ಟೇ ಸಾಲದು ಎಂದೂ ಬರೆದಿದೆ. ಹಾಗೆ ಅಳೆದು ತೂಗಿ ಕೊಡುವ ಆದೇಶ ಇದು, ಸುಮ್ನೆ ಕೇಳಿದವರಿಗೆಲ್ಲ ಸಿಗುವುದಿಲ್ಲ. ಸಿಕ್ಕ ಮೇಲಾದರೂ ಪೂರ್ತಿ ಪಾಲಿಸಬೇಕು ಅಲ್ವಾ? 2018ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಅತ್ಯಾಚಾರ ಸಂತ್ರಸ್ತರ ವಿಷಯದಲ್ಲಿ ಇದನ್ನೇ ಹೇಳಿತ್ತು: ಹೆಸರಷ್ಟೇ ಅಲ್ಲ, ಗುರುತು ಸಿಗುವಂಥ ಯಾವ ವಿವರವೂ ಹೊರಗೆ ಬರಬಾರದು.

ಇಂಗ್ಲೆಂಡಿನಲ್ಲಿ 2001ರಲ್ಲಿ, ಮಕ್ಕಳಾಗಿದ್ದಾಗ ಕೊಲೆ ಮಾಡಿದ ಇಬ್ಬರ ಹೊಸ ಗುರುತನ್ನು ಯಾರೂ ಹೊರಹಾಕಬಾರದು ಎಂದು ಹೈಕೋರ್ಟ್ ಜೀವನಪೂರ್ತಿ ತಡೆ ಕೊಟ್ಟಿತು. 2013ರಲ್ಲಿ ಅವರದ್ದೆಂದು ಫೋಟೊ ಹಾಕಿದ ಇಬ್ಬರಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆ ಆಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು, ಅಂದರೆ ತಕ್ಷಣ ಜೈಲಿಗೆ ಕಳಿಸಲಿಲ್ಲ. ಫೋಟೊ ಬೇರೆ ಯಾರದ್ದೋ ಆಗಿದ್ದರೆ ಹೊಡೆತ ಬೀಳುವುದು ಆ ಅಮಾಯಕನಿಗೆ.

ಐದಕ್ಕೆ ಎರಡು ಸ್ಟಾರ್, ಎರಡೂ ಹುಡುಕಾಟಕ್ಕೆ. ನಿಮ್ಮ ಕೈಯಲ್ಲಿ ಇಂಥ ಆದೇಶ ಇದ್ದರೆ ಬರೀ ತೀರ್ಪಿನ ಪುಟ ನೋಡಿ ಬಿಡಬೇಡಿ. ಲಿಂಕ್, ಅದೇ ಕೇಸಿನ ಹಳೆಯ ಆದೇಶಗಳು, ಡೌನ್‌ಲೋಡ್ ಮಾಡಿದ ಫೈಲಿನ ಹೆಸರು, ಹುಡುಕುವಾಗ ಬರುವ ಸಲಹೆ, ಎಲ್ಲ ನೋಡಿ. ಆಮೇಲೆ ನೀವೇ ಫಾರಂ ತುಂಬಬೇಡಿ, ವಕೀಲರ ಕೈಯಲ್ಲಿ ಬರೆಸಿ.