ಫೆಸಿಲಿಟೇಟರ್ ತರಬೇತಿಗೆ ಸೇರಬೇಕಾ? ಹೋಗಿ ಬಂದವಳ ಮಾತು

ಫೆಸಿಲಿಟೇಟರ್ ಅಂದರೆ ಯಾರ ಪಕ್ಷವನ್ನೂ ವಹಿಸದೆ ಸಭೆಯ ಮಾತುಕತೆ ನಡೆಸಿಕೊಡುವವರು. ಮೊದಲೇ ಹೇಳಿಬಿಡುತ್ತೇನೆ. ತರಬೇತಿ ಚೆನ್ನಾಗಿದೆ. ಆದರೆ ಒಂದು ಮುಖ್ಯ ಪಾಠವನ್ನೇ ಬಿಟ್ಟಿದ್ದಾರೆ.

ನಿವಾಸಿಗಳ ಸಂಘದ ಸಭೆ ನಡೆಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮಾತಿಗೆ ಮಾತು ಬೆಳೆಯುತ್ತದೆ, ನಾಲ್ಕು ಜನ ಕೂಗುತ್ತಾರೆ, ಉಳಿದವರು ತುಟಿ ಪಿಟಕ್ಕೆನ್ನದೆ ಎದ್ದು ಹೋಗುತ್ತಾರೆ. ಜಗಳದ ವಿಷಯಗಳ ಬಗ್ಗೆ ಜನರನ್ನು ಕೂರಿಸಿ ಮಾತಾಡಿಸುವುದು ಹೇಗೆ ಅಂತ ಕಲಿಸುತ್ತಾರೆ ಎಂದು ಗೊತ್ತಾದಾಗ ಸೇರಿಕೊಂಡೆ. ಇಬ್ಬರು ತರಬೇತುದಾರರು. ಒಂದಷ್ಟು ಪಾಠ ಆನ್‌ಲೈನ್, ಉಳಿದದ್ದು ಮುಖಾಮುಖಿ.

ಆನ್‌ಲೈನ್ ಭಾಗ ಸಪ್ಪೆ. ವರ್ಲ್ಡ್ ಕೆಫೆ, ಓಪನ್ ಸ್ಪೇಸ್, ಫಿಶ್‌ಬೌಲ್ ಅಂತ ಗುಂಪು ಚರ್ಚೆ ನಡೆಸುವ ವಿಧಾನಗಳ ಬಗ್ಗೆ ಒಂದಾದ ಮೇಲೊಂದು ಸ್ಲೈಡ್. ಯಾವುದನ್ನೂ ಮಾಡಿ ತೋರಿಸಲಿಲ್ಲ. ಕೈಪಿಡಿಯ ಭಾಷೆಯಂತೂ ಸರ್ಕಾರಿ ಸುತ್ತೋಲೆಯ ಹಾಗಿದೆ. ಒಂದು ಕಥೆ ಮಾತ್ರ ತಲೆಯಲ್ಲಿ ಉಳಿಯಿತು. 1994ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಎರಡು ಗರ್ಭಪಾತ ಕ್ಲಿನಿಕ್‌ಗಳಲ್ಲಿ ಗುಂಡಿನ ದಾಳಿ ನಡೆದು ಇಬ್ಬರು ಸತ್ತರು. ಮರುವರ್ಷ ಗರ್ಭಪಾತದ ಪರ ಇದ್ದ ಮೂವರು, ವಿರುದ್ಧ ಇದ್ದ ಮೂವರು, ಒಟ್ಟು ಆರು ಮಹಿಳಾ ಮುಂದಾಳುಗಳು ಗುಟ್ಟಾಗಿ ಸೇರತೊಡಗಿದರು. ಮಾತು ನಡೆಸಿಕೊಟ್ಟವರು ಲಾರಾ ಚೇಸಿನ್ ಮತ್ತು ಸೂಸನ್ ಪೊಡ್ಜೀಬಾ. ನಾಲ್ಕು ಸಲ ಸೇರೋಣ ಅಂದುಕೊಂಡಿದ್ದು ಐದು ವರ್ಷ ದಾಟಿತು. 2001ರ ಜನವರಿಯಲ್ಲಿ ಆರೂ ಜನ ಸೇರಿ ಬಾಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಲೇಖನ ಬರೆದರು. ಗರ್ಭಪಾತದ ಬಗ್ಗೆ ಒಬ್ಬರ ನಿಲುವೂ ಬದಲಾಗಿರಲಿಲ್ಲ! ಬದಲಾಗಿದ್ದು ಎದುರಿನವರ ಬಗ್ಗೆ ಮಾತಾಡುವ ರೀತಿ. ಒಮ್ಮತಕ್ಕೆ ತರುವುದೇ ಫೆಸಿಲಿಟೇಟರ್ ಕೆಲಸ ಅಂದುಕೊಂಡಿದ್ದ ನಮ್ಮ ಬ್ಯಾಚಿನ ಕೆಲವರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.

ಮುಖಾಮುಖಿ ತರಗತಿ ಬೇರೆಯದೇ ಲೆವೆಲ್. ಒಂದೇ ಸನ್ನಿವೇಶವನ್ನು ಕೊನೆಯವರೆಗೂ ಎಳೆದರು: ಒಂದು ಬಡಾವಣೆಯಲ್ಲಿ ವ್ಯಸನಮುಕ್ತಿ ಕೇಂದ್ರ ಬರಲಿದೆ, ನೆರೆಹೊರೆಯವರಿಗೆ ಬೇಡ. ಎಲ್ಲರಿಗೂ ಒಂದೊಂದು ಪಾತ್ರ. ಮೊದಲ ಅಭ್ಯಾಸವೇ ಪ್ರಶ್ನೆ ಬರೆಯುವುದು. ಹೆಚ್ಚಿನವರು ಬರೆದದ್ದು ‘ಕೇಂದ್ರ ಬೇಕೋ ಬೇಡವೋ?’ ತರಬೇತುದಾರರು ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ಈ ಪ್ರಶ್ನೆ ಕೇಳಿದ ತಕ್ಷಣ ಕೋಣೆ ಎರಡು ಪಾಲಾಗುತ್ತದೆ, ಆಮೇಲೆ ಏನು ಮಾಡಿದರೂ ಕೂಡಿಸೋಕೆ ಆಗಲ್ಲ ಅಂದರು. ಬದಲಿಗೆ ಮೂರು ಪ್ರಶ್ನೆ ಕೊಟ್ಟರು. ಈ ವಿಷಯ ನಿಮ್ಮ ಬದುಕಿಗೆ ಎಲ್ಲಿ ತಾಗಿದೆ? ಇದರಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು? ನಿಮಗೇ ಗೊಂದಲ ಇರುವುದು ಎಲ್ಲಿ? ಒಬ್ಬೊಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಇಷ್ಟವಿಲ್ಲದವರು ‘ಪಾಸ್’ ಅನ್ನಬಹುದು. ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ಕೇಂದ್ರಕ್ಕೆ ಗಟ್ಟಿಯಾಗಿ ವಿರೋಧ ಮಾಡುತ್ತಿದ್ದ ಪಾತ್ರಧಾರಿ, ‘ನನ್ನ ತಮ್ಮನಿಗೇ ಇಂಥ ಜಾಗ ಬೇಕಿತ್ತು’ ಅಂದುಬಿಟ್ಟರು. ಕೈಗೆ ಕೊಟ್ಟ ಪಾತ್ರದ ಚೀಟಿಯಲ್ಲಿ ಆ ಸಾಲು ಇರಲಿಲ್ಲ.

ಇನ್ನೊಂದು ಚಿಕ್ಕ ಸಂಗತಿ. ಚಾರ್ಟ್ ಹಾಳೆಯಲ್ಲಿ ಮಾತು ಬರೆದುಕೊಳ್ಳುವ ಸರದಿ ನಮ್ಮ ಗುಂಪಿನ ಒಬ್ಬ ಮೇಷ್ಟ್ರಿಗೆ ಬಂತು. ‘ನನ್ನ ಮಗಳು ರಾತ್ರಿ ಎಂಟಕ್ಕೆ ಒಬ್ಬಳೇ ನಡೆದು ಬರ್ತಾಳೆ’ ಅಂತ ಒಬ್ಬರು ಹೇಳಿದರು. ಮೇಷ್ಟ್ರು ನೀಟಾಗಿ ‘ಸುರಕ್ಷತೆ’ ಅಂತ ಬರೆದರು. ತರಬೇತುದಾರರು ಸುಮ್ನೆ ಆ ಮಹಿಳೆಯ ಕಡೆ ತಿರುಗಿ, ‘ಇದು ನಿಮ್ಮ ಮಾತಾ?’ ಅಂತ ಕೇಳಿದರು. ಅವರು ಅಲ್ಲ ಅಂತ ತಲೆ ಅಲ್ಲಾಡಿಸಿದರು. ತರಬೇತುದಾರರು ಆ ಪದ ಹೊಡೆದುಹಾಕಿಸಿ, ಮಗಳು, ರಾತ್ರಿ, ಎಂಟು ಗಂಟೆ ಎಲ್ಲವನ್ನೂ ಬರೆಯಿಸಿದರು. ಆಮೇಲೆ ಚರ್ಚೆ ದೀಪದ ಕಂಬದ ಕಡೆ, ಕೇಂದ್ರದ ಗೇಟು ಯಾವ ರಸ್ತೆಗೆ ಇರಬೇಕು ಅನ್ನುವ ಕಡೆ ಹೋಯಿತು. ‘ಸುರಕ್ಷತೆ’ ಅಂತ ಬಿಟ್ಟಿದ್ದರೆ ಎಲ್ಲರೂ ಹೌದೌದು ಅಂದು ಮುಂದೆ ಹೋಗುತ್ತಿದ್ದರು, ಅಲ್ವಾ?

ಸಭೆಗೆ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡುವುದನ್ನೂ ಅಭ್ಯಾಸ ಮಾಡಿಸಿದರು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಇದನ್ನು ನಮ್ಮ ಸಂಘದಲ್ಲಿ ಆಗಲೇ ಶುರು ಮಾಡಿದ್ದೇನೆ. ಫೋನಿನಲ್ಲಿ ಬೈದವರು ಸಭೆಯಲ್ಲಿ ಅಷ್ಟು ಬೈಯಲ್ಲ.

ಇನ್ನು ತಕರಾರು. ಮೊದಲ ಸುತ್ತಿನಲ್ಲಿ ಮನೆ ಮಾಲೀಕರು, ವೈದ್ಯರು, ಅಧಿಕಾರಿ, ಅಂಗಡಿಯವರು ಎಲ್ಲರ ಪಾತ್ರವೂ ಇತ್ತು. ಆ ಕೇಂದ್ರದಲ್ಲಿ ಇರಬೇಕಾದವರ ಪಾತ್ರವೇ ಇರಲಿಲ್ಲ. ನಾನು ಕೇಳಿದ ಮೇಲೆ ಎರಡನೇ ಸುತ್ತಿಗೆ ಒಂದು ಕುರ್ಚಿ ಸೇರಿಸಿದರು, ಅದು ಅವರ ದೊಡ್ಡತನ. ಆದರೆ ಯಾರನ್ನು ಕರೆಯಬೇಕು ಅನ್ನುವುದು ಪಾಠದಲ್ಲೇ ಇರಬೇಕಿತ್ತು.

ನನಗೆ ನಿಜವಾಗಿ ಬೇಜಾರಾಗಿದ್ದು ಬೇರೆ. ‘ಕೇಂದ್ರಕ್ಕೆ ಅನುಮತಿ ಆಗಲೇ ಸಿಕ್ಕಿಬಿಟ್ಟಿದ್ದರೆ ಈ ಸಭೆ ಯಾಕೆ?’ ಅಂತ ಕೇಳಿದೆ. ‘ಮಾತಾಡಿದರೆ ಸಂಬಂಧವಾದರೂ ಉಳಿಯುತ್ತೆ’ ಅಂದರು. ನಾನು ಒಪ್ಪಲ್ಲ. ತೀರ್ಮಾನ ಆಗಿಹೋಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಜನರನ್ನು ಸುತ್ತ ಕೂರಿಸಿ, ಮನಸ್ಸು ಬಿಚ್ಚಿಸಿ, ಕೊನೆಗೆ ‘ಆಗಲೇ ಸಹಿ ಆಗಿದೆ’ ಅಂದರೆ ಮುಂದಿನ ಸಭೆಗೆ ಒಂದು ನೊಣವೂ ಬರಲ್ಲ. ತಮಾಷೆ ಅಂದರೆ, ಇದಕ್ಕೆ ಬೇಕಾದದ್ದು ಅವರ ಕೈಪಿಡಿಯ ಮೂಲೆಯಲ್ಲೇ ಇದೆ. ತೀರ್ಮಾನಗಳಲ್ಲಿ ಜನರ ಪಾಲ್ಗೊಳ್ಳುವಿಕೆಗಾಗಿ ಇರುವ ಐಎಪಿ-ಟು (IAP2) ಎಂಬ ಅಂತರರಾಷ್ಟ್ರೀಯ ಸಂಘದ ಐದು ಹಂತಗಳು: ಜನರಿಗೆ ತಿಳಿಸುವುದು, ಅಭಿಪ್ರಾಯ ಕೇಳುವುದು, ತೊಡಗಿಸಿಕೊಳ್ಳುವುದು, ಜೊತೆಗೂಡಿ ಮಾಡುವುದು, ತೀರ್ಮಾನವನ್ನೇ ಅವರ ಕೈಗೆ ಕೊಡುವುದು. ನಾವು ಯಾವ ಹಂತದಲ್ಲಿದ್ದೇವೆ ಅಂತ ಸಭೆಯ ಆಹ್ವಾನದಲ್ಲೇ ಬರೆಯಿರಿ ಅಂತ ಕಲಿಸೋಕೆ ಎಷ್ಟು ಹೊತ್ತು ಬೇಕು? ಆ ಪುಟವನ್ನು ಯಾರೂ ತೆರೆಯಲೇ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸಂಘ, ಶಾಲೆಯ ಪೋಷಕರ ಸಮಿತಿ, ಗ್ರಂಥಾಲಯ ಹೀಗೆ ಎಲ್ಲಾದರೂ ನಿಜವಾಗಿ ಸಭೆ ನಡೆಸಬೇಕಾದವರು ಸೇರಿ. ಸರ್ಟಿಫಿಕೇಟ್ ಬೇಕು ಅಷ್ಟೇ ಅನ್ನುವವರಿಗೆ ಬೋರಾಗುತ್ತದೆ. ಸೇರುವ ಮುಂಚೆ ಬ್ಯಾಚಿನಲ್ಲಿ ಎಷ್ಟು ಜನ ಅಂತ ಕೇಳಿಕೊಳ್ಳಿ. ಜನ ಜಾಸ್ತಿ ಆದರೆ ಮಾತು ನಡೆಸುವ ಸರದಿ ನಿಮಗೆ ಬರುವುದೇ ಕಷ್ಟ. ಅಂಥ ಬ್ಯಾಚ್ ಬಿಟ್ಟು ಮುಂದಿನದಕ್ಕೆ ಕಾಯಿರಿ.