ಎಲ್-ಕಾರ್ನಿಟಿನ್ ಬಾಟಲಿ: ಎರಡು ಸ್ಟಾರ್, ಅದೂ ನಿಂಬೆ ಟೇಸ್ಟಿಗೆ

ಕೊಬ್ಬು ಕರಗಿಸುತ್ತೆ ಅಂತ ಮಾರೋ ಸಪ್ಲಿಮೆಂಟ್ ಇದು, ಜಿಮ್ಮಲ್ಲಿ ಟ್ರೈನರ್ ಹೇಳಿದ ಅಂತ ತಗೊಂಡಿದ್ದು. 450 ಎಂಎಲ್ ಬಾಟಲಿ, ಒಂದು ಮುಚ್ಚಳ ಅಂದ್ರೆ 15 ಎಂಎಲ್, ಅದರಲ್ಲಿ 1500 ಎಂಜಿ. ಕಂಪನಿ ಹೆಸರು ಬೇಡ ಬಿಡಿ. ನಿಂಬೆ ಫ್ಲೇವರ್ ಪರವಾಗಿಲ್ಲ, ಕೆಮ್ಮಿನ ಸಿರಪ್ ಥರ ಸಿಹಿ ಸ್ವಲ್ಪ ಜಾಸ್ತಿ, ಮುಚ್ಚಳ ಯಾವಾಗ್ಲೂ ಅಂಟಂಟು.

ನಂಗೆ ಫ್ಯಾಟಿ ಲಿವರ್ ಇದೆ, ಶುಗರ್ರೂ ಬಾರ್ಡರಲ್ಲಿದೆ. ತೂಕ ಒಂಚೂರೂ ಇಳೀಲಿಲ್ಲ.

ಲೇಬಲ್ ಮೇಲೆ ಕೊಬ್ಬನ್ನ ಸೆಲ್ ಒಳಗೆ ಸಾಗಿಸಿ ಉರಿಸುತ್ತೆ ಅಂತಿದೆ. ಪೂರ್ತಿ ಸುಳ್ಳಲ್ಲ, ಅದೇ ಎಡವಟ್ಟು. ಬಯೋಕೆಮಿಸ್ಟ್ರಿ ಓದ್ತಿರೋ ಅಕ್ಕನ ಮಗಳು ಬಿಡಿಸಿ ಹೇಳಿದ್ಲು, ಮಾಮಾ ಕೊಬ್ಬಿಗೆ ಎರಡು ಬಾಗಿಲಿದೆ ಅಂತ. ಮೊದಲನೇದು ಸೆಲ್ಲಿನ ಹೊರಪೊರೆ, ಅಲ್ಲಿ ಸಿಡಿ36 ಅನ್ನೋ ಪ್ರೋಟೀನ್ ಫ್ಯಾಟಿ ಆಸಿಡ್, ಅಂದ್ರೆ ಕೊಬ್ಬಿನ ತುಣುಕುಗಳನ್ನ, ಒಳಗೆ ಬಿಟ್ಕೊಳುತ್ತೆ, ಇನ್ಸುಲಿನ್ ಬಂದಾಗ ಇಲ್ಲಾ ಸ್ನಾಯು ದುಡಿದಾಗ ಈ ಸಿಡಿ36 ಪೊರೆಗೆ ಬಂದು ಆಮೇಲೆ ಒಳಕ್ಕೆ ಸರೀಬೇಕು, ಟೈಪ್ 2 ಡಯಾಬಿಟಿಸ್ ಇರೋರಲ್ಲಿ ಪೊರೆಯಲ್ಲೇ ಠಿಕಾಣಿ ಹಾಕ್ಬಿಡುತ್ತೆ, ಕೊಬ್ಬು ಬರ್ತಾನೇ ಇರುತ್ತೆ. ಕಾರ್ನಿಟಿನ್‌ಗೂ ಈ ಬಾಗಿಲಿಗೂ ಸಂಬಂಧಾನೇ ಇಲ್ಲ!

ಕಾರ್ನಿಟಿನ್ ಕೆಲಸ ಎರಡನೇ ಬಾಗಿಲಲ್ಲಿ, ಸೆಲ್ ಒಳಗೆ ಕೊಬ್ಬು ಉರಿಸೋ ಒಲೆ ಥರದ ಮೈಟೊಕಾಂಡ್ರಿಯಾದಲ್ಲಿ. ಎಪಿಎಂಸಿ ಹಮಾಲಿ ಥರ, ಉದ್ದ ಚೈನಿನ ಫ್ಯಾಟಿ ಆಸಿಡ್ ಹೊತ್ತು ಒಳಗೆ ಇಳಿಸಿ ಬರಿಗೈಲಿ ವಾಪಸ್ ಬರೋದು. ಮೂಟೆ ಹೊರಿಸೋದು ಸಿಪಿಟಿ1 ಅನ್ನೋ ಕಿಣ್ವ. ಉಂಡು ಇನ್ಸುಲಿನ್ ಏರಿದ್ರೆ ಸೆಲ್ ಒಳಗೆ ಮೆಲೊನೈಲ್-ಕೋಎ ಅನ್ನೋ ಪದಾರ್ಥ ಹೆಚ್ಚಾಗಿ ಈ ಸಿಪಿಟಿ1ನೇ ತಡೆಯುತ್ತೆ. ಮೂಟೆ ಹೊರಿಸೋನೇ ಕೈಕಟ್ಟಿ ಕೂತ್ರೆ ಇನ್ನೂ ಹತ್ತು ಹಮಾಲಿ ಕರ್ಕೊಂಡು ಬಂದು ಏನ್ಮಾಡೋದು? ಹಮಾಲಿಗೆ ಕೊರತೇನೂ ಇಲ್ಲ, ಲೈಸಿನ್, ಮೆಥಿಯೊನಿನ್ ಅನ್ನೋ ಅಮೈನೋ ಆಸಿಡ್‌ಗಳಿಂದ ಲಿವರ್ ಕಿಡ್ನೀನೇ ತಯಾರಿಸ್ಕೊಳುತ್ತೆ, ನಮ್ಮಂಥ ಸಸ್ಯಾಹಾರಿಗಳಲ್ಲೂ.

ರಿಸಲ್ಟ್ ಇಲ್ಲ ಅಂದಿದ್ದಕ್ಕೆ ಟ್ರೈನರ್ ಎರಡು ಮುಚ್ಚಳ ಕುಡೀರಿ ಸಾರ್ ಅಂದ. ಕುಡಿದೆ. ವಾರಕ್ಕೆ ಮೈಯೆಲ್ಲ ಮೀನಿನ ವಾಸನೆ, ಮೀನು ಮುಟ್ಟದ ಮನೆ ನಮ್ದು, ಹೆಂಡ್ತಿ ಅನುಮಾನದಿಂದ ನೋಡೋಕೆ ಶುರು. ಕುಡಿದಿದ್ದರಲ್ಲಿ ರಕ್ತ ಸೇರೋದು 5ರಿಂದ 18 ಪರ್ಸೆಂಟಂತೆ, ಉಳಿದಿದ್ದನ್ನ ಕರುಳಿನ ಬ್ಯಾಕ್ಟೀರಿಯಾ ತಿಂದು ಟ್ರೈಮೀಥೈಲಮೀನ್ ಮಾಡುತ್ತೆ, ವಾಸನೆ ಅದರದ್ದು.

ಹುಟ್ಟಿನಿಂದಲೇ ಕಾರ್ನಿಟಿನ್ ಸೆಲ್ಲಿಗೆ ಸೇರದ ಮಕ್ಕಳಿಗೆ ಇದು ಜೀವ ಉಳಿಸೋ ಔಷಧಿ, ಅದನ್ನ ಡಾಕ್ಟರೇ ಬರೆದುಕೊಡ್ತಾರೆ. ನನ್ನಂಥವರು ಆ ದುಡ್ಡಲ್ಲಿ ಒಳ್ಳೆ ಶೂ ತಗೊಂಡು ಊಟ ಆದ್ಮೇಲೆ ನಡೀರಿ.

ಬಾಟಲಿ ಮಾತ್ರ ಗಟ್ಟಿ ಇದೆ. ತೊಳೆದಿಟ್ಟಿದ್ದೆ, ಅಮ್ಮ ಹರಳೆಣ್ಣೆ ತುಂಬಿಟ್ಟಿದಾಳೆ.