ಹಾಯಿದೋಣಿಯ ಪ್ಲೈವುಡ್‌ಗೆ ಎಪಾಕ್ಸಿಯೋ, ಪಾಲಿಯೆಸ್ಟರೋ?

ಟ್ರೈಲರ್‌ನಲ್ಲಿ ಎಳೆದೊಯ್ಯುವ ಚಿಕ್ಕ ಹಾಯಿದೋಣಿಗೆ ನೀವೇ ಪ್ಲೈವುಡ್ ಸೀಟು ಕೂರಿಸುತ್ತಿದ್ದೀರಾ? ಹಾಗಾದರೆ ಮೊದಲು ರೆಸಿನ್, ಅಂದರೆ ಮರಕ್ಕೆ ಬಳಿದರೆ ಗಟ್ಟಿಯಾಗುವ ಅಂಟುದ್ರವ, ಆರಿಸಿಕೊಳ್ಳಿ.

ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ. ಕಾಸರಗೋಡಿನ ಮೀನುಗಾರರ ಫೈಬರ್ ದೋಣಿ ರಿಪೇರಿಗೆ ಅದು ಸಾಕು. ಆದರೆ ಮರಕ್ಕೆ ಅದರ ಹಿಡಿತ ಕಡಿಮೆ. ಚಂದ್ರಗಿರಿ ಅಳಿವೆಯ ಉಪ್ಪುನೀರು, ಜೂನ್‌ನಿಂದ ಸುರಿಯುವ ಮಳೆ ಅಂಚಿನಿಂದ ಒಳಗಿಳಿದರೆ ಪದರವೇ ಎದ್ದು ಬರುತ್ತದೆ. ಒಳಗೆ ಪ್ಲೈ ಸುಮ್ನೆ ಕೊಳೆಯುತ್ತಾ ಹೋಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಎಪಾಕ್ಸಿಗೆ ದುಡ್ಡು ಜಾಸ್ತಿ. ರೆಸಿನ್‌ಗೆ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಅಳತೆ ತಪ್ಪಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ, ಬಿಸಿಲು ತಡೆಯಲು ಮೇಲೆ ಪೇಂಟ್ ಬೇಕು. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ಅಲರ್ಜಿ ಆಗಬಹುದು. ಆದರೂ ಮರಕ್ಕೆ ನಾನು ಹೇಳುವುದು ಎಪಾಕ್ಸಿಯೇ. ಕತ್ತರಿಸಿದ ಅಂಚು, ಸ್ಕ್ರೂ ತೂತುಗಳಿಗೆ ಮೊದಲು ಎಪಾಕ್ಸಿ ಕುಡಿಸಿ. ಅದರ ಮೇಲೆ ಪಾಲಿಯೆಸ್ಟರ್ ಬಳಿಯಲೇಬೇಡಿ, ಸರಿಯಾಗಿ ಅಂಟುವುದಿಲ್ಲ.